ಪಕ್ಷ ಬೇಡ ಎಂದರೂ ಜನ ವಿ.ಎಸ್. ಅವರನ್ನು ಯಾಕೆ ಬಿಡಲಿಲ್ಲ?

ಪ್ರಶ್ನೆ: ಕೇರಳದ ಮಾಜಿ ಮುಖ್ಯಮಂತ್ರಿ, ಸಿಪಿಎಂ ನಾಯಕ ವಿ.ಎಸ್. ಅಚ್ಯುತಾನಂದನ್ ಅವರ ಅಂತಿಮಯಾತ್ರೆಯನ್ನು ಟಿವಿಯಲ್ಲಿ ನೋಡಿದೆ. ಸ್ವಂತ ಪಕ್ಷದಲ್ಲೇ ಮೂಲೆಗೆ ಸರಿದಿದ್ದ ನಾಯಕನ ಮೇಲೆ ಇಷ್ಟೊಂದು ಪ್ರೀತಿ ಹೇಗೆ?

ಉತ್ತರ: 2006ರ ಕಥೆಯಿಂದಲೇ ಶುರು ಮಾಡುತ್ತೇನೆ. ಸಿಪಿಎಂನಲ್ಲಿ ಮೇಲಿನ ಸಮಿತಿ ಹೇಳಿದ್ದೇ ಕೊನೆ. ಆ ವರ್ಷದ ಚುನಾವಣೆಗೆ ವಿ.ಎಸ್. ನಿಲ್ಲುವುದು ಬೇಡ ಎಂದು ರಾಜ್ಯದ ನಾಯಕರು ತೀರ್ಮಾನಿಸಿದರು. ಆಗ ಬೀದಿಗೆ ಬಂದವರು ವಿರೋಧಿಗಳಲ್ಲ, ಕೆಂಪು ಬಾವುಟದವರೇ! ಪಕ್ಷದ ರಾಷ್ಟ್ರಮಟ್ಟದ ನಾಯಕರ ಸಮಿತಿಯಾದ ಪಾಲಿಟ್‌ಬ್ಯೂರೊ ಆ ತೀರ್ಮಾನ ಬದಲಿಸಬೇಕಾಯಿತು. ಮಲಂಪುಳದಲ್ಲಿ ಗೆದ್ದ ಅವರು 82ನೇ ವಯಸ್ಸಿನಲ್ಲಿ ಮುಖ್ಯಮಂತ್ರಿಯಾದರು. 2011ರಲ್ಲೂ ಮೊದಲು ಟಿಕೆಟ್ ಇಲ್ಲ ಎಂದು, ಜನ ಬೀದಿಗಿಳಿದ ಮೇಲೆ ಕೊಟ್ಟರು. ಆ ಸಲ ಎಡರಂಗ 140ರಲ್ಲಿ 68 ಸೀಟು ಗೆದ್ದು, ಸ್ವಲ್ಪದರಲ್ಲೇ ಅಧಿಕಾರ ಕಳೆದುಕೊಂಡಿತು.

ಈ ನಂಬಿಕೆ ಸುಮ್ನೆ ಬಂದದ್ದಲ್ಲ. ಆಲಪ್ಪುಳದ ಪುನ್ನಪ್ರದಲ್ಲಿ 1923ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಏಳನೇ ತರಗತಿಗೆ ಓದು ನಿಂತಿತು. ಟೈಲರ್ ಅಂಗಡಿ, ಆಮೇಲೆ ತೆಂಗಿನ ನಾರಿನ ಕಾರ್ಖಾನೆ. ಕಮ್ಯುನಿಸ್ಟ್ ನಾಯಕ ಪಿ. ಕೃಷ್ಣ ಪಿಳ್ಳೆ ಅವರು ಈ ಹುಡುಗನನ್ನು ಕುಟ್ಟನಾಡಿನ ಗದ್ದೆ ಕೂಲಿಯವರನ್ನು ಸಂಘಟಿಸಲು ಕಳಿಸಿದರು. 1946ರಲ್ಲಿ ತಿರುವಾಂಕೂರು ದಿವಾನರ ಆಡಳಿತದ ವಿರುದ್ಧ ಕಾರ್ಮಿಕರು ಎದ್ದ ಪುನ್ನಪ್ರ–ವಯಲಾರ್ ಹೋರಾಟದ ವೇಳೆ ಪೊಲೀಸರು ಲಾಕಪ್ಪಿನಲ್ಲಿ ಅವರ ಅಂಗಾಲಿಗೆ ಬಯೊನೆಟ್ ಚುಚ್ಚಿದರು. ಅದೇ ಕಾಲಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ವಿರೋಧ ಪಕ್ಷದ ನಾಯಕರಾಗಿ ಇಡುಕ್ಕಿಯ ಮತಿಕೆಟ್ಟಾನ್ ಕಾಡು ಹತ್ತಿ ಅಲ್ಲಿನ ಒತ್ತುವರಿ ನೋಡಿಬಂದರು. ಜನ ಮರೆಯದ್ದು ಇದನ್ನು. ಎಲ್ಲಿ ಅನ್ಯಾಯವೋ ಅಲ್ಲಿಗೆ ಖುದ್ದಾಗಿ ಹೋಗುತ್ತಿದ್ದರು. ಪಕ್ಷ ಬಿಟ್ಟಿದ್ದ ಟಿ.ಪಿ. ಚಂದ್ರಶೇಖರನ್ 2012ರಲ್ಲಿ ಕೊಲೆಯಾದಾಗಲೂ ಅಷ್ಟೇ. ಆರೋಪ ಸಿಪಿಎಂನವರ ಮೇಲೇ ಬಂದು ಪಕ್ಷಕ್ಕೆ ಮುಜುಗರವಾದರೂ ಆ ಮನೆಗೆ ಹೋಗಿ, ಅಳುತ್ತಿದ್ದ ಹೆಂಡತಿಗೆ ಸಮಾಧಾನ ಹೇಳಿದರು.

ಮುಖ್ಯಮಂತ್ರಿಯಾಗಿ ಅಂದುಕೊಂಡದ್ದೆಲ್ಲ ಮಾಡಲಾಗಲಿಲ್ಲ. 2007ರಲ್ಲಿ ಮುನ್ನಾರಿನ ಒತ್ತುವರಿ ತೆರವು ಜೋರಾಗಿ ಶುರುವಾಗಿ, ಮೈತ್ರಿ ಪಕ್ಷದ ವಿರೋಧಕ್ಕೆ ಅರ್ಧಕ್ಕೇ ನಿಂತಿತು. ಅದಕ್ಕೆ ಜನ ಅವರನ್ನು ದೂರಲಿಲ್ಲ, ಅಡ್ಡ ಬಂದವರನ್ನು ದೂರಿದರು. ಇದು ಪೂರ್ತಿ ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಆದರೆ ಪ್ರೀತಿ ಇರುವಲ್ಲಿ ಹೀಗೇ ಆಗುತ್ತದೆ, ಅಲ್ವಾ?

‘ಕಣ್ಣೇ, ಕರಳೇ, ವೀಯೆಸ್ಸೇ’ ಅನ್ನುವ ಘೋಷಣೆ ನೀವೂ ಕೇಳಿರಬಹುದು. ಮಲಯಾಳದಲ್ಲಿ ಕರಳ್ ಅಂದರೆ ಲಿವರ್. ನಮಗೆ ಕರುಳು ಚುರ್ ಅನ್ನುವ ಹಾಗೆ, ಅವರಿಗೆ ಪ್ರೀತಿಯ ಜಾಗ ಅದು. 2025ರ ಜುಲೈ 21ರಂದು, 101ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಿರುವನಂತಪುರದಿಂದ ಪುನ್ನಪ್ರದ ಮನೆಗೆ ಸುಮಾರು 150 ಕಿಲೋಮೀಟರ್. ದಾರಿಯುದ್ದಕ್ಕೂ ಜನ ರಾತ್ರಿಯಿಡೀ ಕಾದು ನಿಂತಿದ್ದರು. ಪಾರ್ಥಿವ ಶರೀರ ಹೊತ್ತ ಬಸ್ಸು ಮನೆ ಮುಟ್ಟಲು 22 ಗಂಟೆ ಹಿಡಿಯಿತು.