ಗಡಿ ದೂರ, ವಂತಿಗೆ ಡಬ್ಬಿ ಹತ್ತಿರ: ಯುದ್ಧಕಾಲದಲ್ಲಿ ದಾವಣಗೆರೆ ಸೀಮೆಯ ಶಾಲೆಗಳು

ಯುದ್ಧ ಬಂದರೆ ಏನು ಮಾಡಬೇಕು ಅಂತ ದೇಶದ ಹಲವೆಡೆ ಸೈರನ್ ಕೂಗಿಸಿ ತಾಲೀಮು ಮಾಡಿಸಿದ 2025ರ ಮೇ 7ರ ಮಾಕ್ ಡ್ರಿಲ್ ನೆನಪಿದೆಯಲ್ಲ? ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರು, ಕಾರವಾರ, ರಾಯಚೂರು ಇದ್ದವು. ದಾವಣಗೆರೆ ಇರಲಿಲ್ಲ, ಚಿತ್ರದುರ್ಗವೂ ಇರಲಿಲ್ಲ. ಆದರೂ ವಾಟ್ಸಾಪ್‌ನಲ್ಲಿ ಅಪ್ಪ ಅಮ್ಮಂದಿರ ಪ್ರಶ್ನೆ ಮಾತ್ರ ನಿಲ್ಲಲಿಲ್ಲ: ನಮ್ಮ ಮಕ್ಕಳ ಶಾಲೆಯಲ್ಲೂ ಸೈರನ್ ಕೂಗಿಸ್ತಾರಾ? ಅಸಲಿಗೆ ಆಗ ಶಾಲೆಗಳಿಗೆ ಬೇಸಿಗೆ ರಜೆ. ಮಕ್ಕಳು ಅಜ್ಜಿ ಮನೆಯಲ್ಲಿ ಮಾವಿನಹಣ್ಣು ತಿನ್ನುತ್ತಿದ್ದರು.

ಹಾಗಂತ ಯುದ್ಧ ನಮ್ಮ ಶಾಲೆಗಳಿಗೆ ಬಂದೇ ಇಲ್ಲ ಅಂತಲ್ಲ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಬರುತ್ತಲೇ ಇದೆ. ಬಾಂಬಿನ ರೂಪದಲ್ಲಿ ಬರಲಿಲ್ಲ, ಅಷ್ಟೇ. ಏನೋ ಒಂದು ಸಾಮಾನು ಸಿಗದೆ ಹೋಗುವುದು, ಮತ್ತೆ ಏನೋ ಒಂದನ್ನು ಮನೆಯಿಂದ ತಂದು ಕೊಡಬೇಕಾಗುವುದು, ಹೀಗೆ ಬಂದಿದೆ.

ಮೊದಲ ಮಹಾಯುದ್ಧದ ಕತೆ ಚಿಕ್ಕದು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್‌ನಲ್ಲಿ ದೂರದ ಹೈಫಾದಲ್ಲಿ (ಈಗಿನ ಇಸ್ರೇಲ್) ಕಾದಾಡಿತು. ಆ ಕಾಲಕ್ಕೆ ದಾವಣಗೆರೆಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ ಹಲುವಾಗಲಿನ ಒಬ್ಬ ಹುಡುಗ ಓದುತ್ತಿದ್ದ. ಮುಂದೆ ಅವನು ಚಿತ್ರದುರ್ಗದ ಹೈಸ್ಕೂಲು ಸೇರಿದ, ವಕೀಲನಾದ, ಮುಖ್ಯಮಂತ್ರಿಯೂ ಆದ. ಎಸ್. ನಿಜಲಿಂಗಪ್ಪ. ಕುದುರೆ ಪಡೆಯ ಸುದ್ದಿಗಿಂತ ನಮ್ಮ ಜನರನ್ನು ಜಾಸ್ತಿ ಕಾಡಿದ್ದು ಯುದ್ಧದ ಹಡಗುಗಳ ಜೊತೆ ಬೊಂಬಾಯಿಗೆ ಬಂದಿಳಿದ ಇನ್‌ಫ್ಲುಯೆಂಜಾ. ಅದು ರೈಲು ಹತ್ತಿ ಊರೂರಿಗೆ ಹೋಯಿತು. ದಾವಣಗೆರೆ ಆಗಲೇ ರೈಲ್ವೆ ಊರು.

ಶಾಲೆಯ ದಿನಚರಿಯನ್ನೇ ಅಲುಗಾಡಿಸಿದ್ದು ಎರಡನೇ ಮಹಾಯುದ್ಧ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮಗೆ ಇದು ಬ್ರಿಟಿಷರ ಯುದ್ಧ ಅಂತ ಮರೆತೇ ಹೋಗಿದೆ.

ಗಡಿಯಾರದಿಂದಲೇ ಶುರು ಮಾಡೋಣ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಇಡೀ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ದೀಪದ ಖರ್ಚು ಉಳಿಯಲಿ ಅಂತ. ಅಂದರೆ ಹತ್ತೂವರೆಯ ಗಂಟೆ ಬಾರಿಸುವಾಗ ಸೂರ್ಯನ ಲೆಕ್ಕದಲ್ಲಿ ಇನ್ನೂ ಒಂಬತ್ತೂವರೆ. ಪೇಟೆ ಹುಡುಗರಿಗೆ ಪರವಾಗಿಲ್ಲ. ಮನೆಯಲ್ಲಿ ಗಡಿಯಾರವೇ ಇಲ್ಲದ, ಬಿಸಿಲು ನೆರಳು ನೋಡಿ ಹೊಲದ ಬದುವಿನ ಮೇಲೆ ನಡೆದು ಬರುವ ಹಳ್ಳಿ ಹುಡುಗನ ಪಾಡು ಯೋಚಿಸಿ. ಎಂದಿನ ಹೊತ್ತಿಗೇ ಹೊರಟರೂ ಒಂದು ಗಂಟೆ ತಡ!

ಆಮೇಲೆ ಸಾಮಾನು. ಕಾಗದದ ಮೇಲೆ ಸರ್ಕಾರ ಹತೋಟಿ ತಂದಿತು, ಪತ್ರಿಕೆಗಳ ಪುಟಗಳೇ ಕಡಿಮೆಯಾದವು, ಇನ್ನು ಶಾಲೆ ಮಕ್ಕಳ ನೋಟುಬುಕ್ಕಿನ ಮಾತೆಲ್ಲಿ? ಮಸಿಯಲ್ಲಿ ಅದ್ದಿ ಬರೆಯುವ ಟಾಕಿನ ನಿಬ್ಬು ಇಂಗ್ಲೆಂಡಿನಿಂದ ಬರಬೇಕಿತ್ತು, ಹಡಗುಗಳಿಗೆ ಬೇರೆ ಕೆಲಸವಿತ್ತು. ಸ್ಲೇಟು, ಬಳಪ ಇದ್ದವರು ಬಚಾವ್. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಅದರ ಜೊತೆ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ಸೀಮೆಎಣ್ಣೆಯೂ ನಿಂತವು. ಸೀಮೆಎಣ್ಣೆ ಇಲ್ಲ ಅಂದರೆ ಬುಡ್ಡಿ ಇಲ್ಲ, ಬುಡ್ಡಿ ಇಲ್ಲ ಅಂದರೆ ರಾತ್ರಿ ಓದಿಲ್ಲ. ಹರಳೆಣ್ಣೆ, ಹೊಂಗೆ ಎಣ್ಣೆ ಇದ್ದ ಮನೆಯ ಹಣತೆಯೇ ಗತಿ.

ತಾಮ್ರಕ್ಕೂ ತತ್ವಾರ. 1943ರಿಂದ ಕಾಸಿನ ನಡುವೆ ತೂತು ಮಾಡಿ ಟಂಕಿಸತೊಡಗಿದರು, ಲೋಹ ಉಳಿಯಲಿ ಅಂತ. ಹುಡುಗರಿಗೆ ಮಾತ್ರ ಇದು ಖುಷಿ. ಉಡಿದಾರಕ್ಕೆ ಪೋಣಿಸಿಕೊಂಡರೆ ಕಳೆಯುವುದಿಲ್ಲವಲ್ಲ!

ಬಟ್ಟೆಯದು ಇನ್ನೂ ತಮಾಷೆ. ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ಊರು ದಾವಣಗೆರೆ. ಅಂಥ ಊರಿನಲ್ಲೂ 1943ರ ಬಟ್ಟೆ ನಿಯಂತ್ರಣ ಬಂದ ಮೇಲೆ ಅಂಗಿ ಬಟ್ಟೆಗೆ ಪರದಾಟ. ಕಣ್ಣೆದುರೇ ಹತ್ತಿ ಗಾಡಿಗಳು ಹೋಗುತ್ತವೆ, ಮಗನಿಗೆ ಎರಡನೇ ಚಡ್ಡಿ ಇಲ್ಲ.

ಎಲ್ಲಕ್ಕಿಂತ ಕಷ್ಟ ಊಟದ್ದು. ಆಗ ಹಳ್ಳಿಯಿಂದ ಬಂದು ಪೇಟೆಯಲ್ಲಿ ಓದುವ ಬಡ ಹುಡುಗರು ಮಠದ ಪ್ರಸಾದ ನಿಲಯ ಸೇರುತ್ತಿದ್ದರು, ಇಲ್ಲವೇ ವಾರಾನ್ನ ಮಾಡುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಪಡಿತರ ಬಂದ ಮೇಲೆ ಏನಾಗುತ್ತದೆ ನೋಡಿ. ಕಾರ್ಡಿನಲ್ಲಿ ಮನೆಯವರ ತಲೆ ಲೆಕ್ಕಕ್ಕೆ ತಕ್ಕಷ್ಟು ಧಾನ್ಯ. ವಾರಾನ್ನದ ಹುಡುಗ ಯಾರ ಕಾರ್ಡಿನಲ್ಲೂ ಇಲ್ಲ. ಮನೆಯಾಕೆ ಎಷ್ಟೇ ಒಳ್ಳೆಯವಳಾದರೂ ಅಳತೆ ಮಾಡಿದ ರಾಗಿ, ಜೋಳದಲ್ಲಿ ಏಳನೇ ಮುದ್ದೆ ಎಲ್ಲಿಂದ ತರಬೇಕು? ಅತ್ತ ಹಳ್ಳಿಯಲ್ಲಿ ಅವನ ಅಪ್ಪನಿಂದಲೂ ಸರ್ಕಾರ ಲೆವಿ ಅಂತ ಧಾನ್ಯ ಅಳೆಸಿಕೊಳ್ಳುತ್ತಿತ್ತು. ಅಂಥ ಹುಡುಗ ಓದು ಬಿಟ್ಟು ಊರಿಗೆ ಹೋದರೆ ಯಾವ ಯುದ್ಧದ ಲೆಕ್ಕದಲ್ಲೂ ಅವನ ಹೆಸರು ಬರುವುದಿಲ್ಲ.

ಇದರ ಮಧ್ಯೆ ಸ್ವಾತಂತ್ರ್ಯ ಚಳವಳಿ. 1939ರಲ್ಲೇ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಹೆಂಡ ಇಳಿಸುವ ಈಚಲು ಮರ ಕಡಿಯುವ ಸತ್ಯಾಗ್ರಹ ಆಗಿತ್ತು, ನಿಜಲಿಂಗಪ್ಪ ಜೈಲಿಗೆ ಹೋಗಿದ್ದರು. 1942ರಲ್ಲಿ ಸಂಸ್ಥಾನದ ಉದ್ದಗಲಕ್ಕೂ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ದಾವಣಗೆರೆಯಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮದೇ ಸರ್ಕಾರ ಮಾಡಿಕೊಂಡಾಗ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕೂರಿಸಿದ್ದು ಹುಡುಗರನ್ನೇ. ಸರ್ಕಾರದ ಯುದ್ಧಕ್ಕೆ ಬೆಂಬಲ ಕೊಡಿ ಅನ್ನುವ ಕಾಲ, ಅದೇ ಸರ್ಕಾರದ ವಿರುದ್ಧ ಘೋಷಣೆ ಕೂಗುವ ಮಕ್ಕಳು. ಸರ್ಕಾರಿ ಸಂಬಳದ ಮೇಷ್ಟ್ರ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯದೇ.

ಸ್ವಾತಂತ್ರ್ಯ ಬಂದ ಮೇಲೆ ಯುದ್ಧ ನಮ್ಮದಾಯಿತು. ಆಗ ಶಾಲೆಯ ಪಾತ್ರವೂ ಬದಲಾಯಿತು. 1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ. ಪುಟ್ಟ ಕಾಗದದ ಬಾವುಟ, ಅದಕ್ಕೆ ಇಷ್ಟು ಕಾಸು. 1962ರಲ್ಲಿ ಚೀನಾ ಹೊಡೆತ ಬಿದ್ದಾಗ ರಾಷ್ಟ್ರೀಯ ರಕ್ಷಣಾ ನಿಧಿ ಶುರುವಾಯಿತು. ಹೆಂಗಸರು ಬಳೆ ಬಿಚ್ಚಿ ಕೊಟ್ಟರು, ಮಕ್ಕಳು ಕಾಸು ಕೊಟ್ಟರು. ಮರುವರ್ಷ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯ. ಅದು 1968ರವರೆಗೆ ಹಾಗೇ ನಡೆಯಿತು. ಖಾಕಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ, ಬೂಟಿಗೆ ಪಾಲಿಶ್, ಬೆಳಗಿನ ಪರೇಡ್. ದೇಶಭಕ್ತಿ ಇತ್ತು ನಿಜ. ಪರೇಡ್ ಮುಗಿದ ಮೇಲೆ ಸಿಗುವ ತಿಂಡಿಯ ಆಕರ್ಷಣೆಯೂ ಇತ್ತು, ಸುಮ್ನೆ ಯಾಕೆ ಸುಳ್ಳು ಹೇಳೋದು?

1965ರದ್ದು ಹೊಟ್ಟೆಗೆ ಸಂಬಂಧಪಟ್ಟದ್ದು. ಸೆಪ್ಟೆಂಬರ್‌ನಲ್ಲಿ ಕದನ ನಿಂತರೂ ಮಳೆ ಕೈಕೊಟ್ಟಿತ್ತು, ಪಿ.ಎಲ್. 480 ಅನ್ನುವ ಕಾಯ್ದೆಯಡಿ ಅಮೆರಿಕ ಕಳಿಸುವ ನೆರವಿನ ಗೋಧಿ ಸ್ವಲ್ಪ ಸ್ವಲ್ಪವೇ ಬರುತ್ತಿತ್ತು. ಶಾಸ್ತ್ರೀಜಿ ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂದರು, ಸೋಮವಾರ ರಾತ್ರಿ. ವಿಚಿತ್ರ ನೋಡಿ, ಅದೇ ದಶಕದಲ್ಲಿ ನಮ್ಮ ಪ್ರಾಥಮಿಕ ಶಾಲೆಗಳಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿಯೂ ಬಂದವು, ಅವೂ ಅಮೆರಿಕದ್ದೇ. ಆ ಹಳದಿ ಉಪ್ಪಿಟ್ಟಿನ ವಾಸನೆ ಇವತ್ತಿಗೂ ಅರವತ್ತು ದಾಟಿದವರ ಮೂಗಲ್ಲಿದೆ.

1971ರ ಯುದ್ಧ ಡಿಸೆಂಬರ್ 3ರಿಂದ 16ರವರೆಗೆ, ಎರಡೇ ವಾರ. ಆಕಾಶವಾಣಿಯ ವಾರ್ತೆ ಕೇಳಿಬಂದ ಮೇಷ್ಟ್ರು ಕರಿಹಲಗೆಯ ಮೂಲೆಯಲ್ಲಿ ಸುದ್ದಿ ಬರೆಯುವಷ್ಟರಲ್ಲಿ ಢಾಕಾ ಶರಣಾಗಿತ್ತು. ಆದರೆ ಅದರ ಖರ್ಚು ಟಪಾಲಿನಲ್ಲಿ ಉಳಿಯಿತು. ಯುದ್ಧಕ್ಕೂ ಮುಂಚೆಯೇ, ಆ ನವೆಂಬರ್ 15ರಿಂದ, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪರಿಹಾರಕ್ಕೆ ಅಂತ ಐದು ಪೈಸೆಯ ಇನ್ನೊಂದು ಅಂಚೆ ಚೀಟಿ ಹಚ್ಚಬೇಕಿತ್ತು, 1973ರ ಮಾರ್ಚ್‌ವರೆಗೆ. ಹಾಸ್ಟೆಲ್ ಹುಡುಗ ದುಡ್ಡು ಕಳಿಸಿ ಅಂತ ಊರಿಗೆ ಬರೆಯುವ ಕಾಗದಕ್ಕೂ ಅದು ತಪ್ಪುತ್ತಿರಲಿಲ್ಲ.

ಕಾರ್ಗಿಲ್ ಮಾತ್ರ ನಾನು ಕಂಡದ್ದು. 1999ರ ಜೂನ್, ಶಾಲೆ ಆಗತಾನೇ ಶುರುವಾಗಿತ್ತು, ಟಿವಿಯಲ್ಲಿ ದಿನವೂ ಬೆಟ್ಟ, ಬೋಫೋರ್ಸ್, ಬಾವುಟ ಸುತ್ತಿದ ಪೆಟ್ಟಿಗೆ. ತರಗತಿಗೊಂದು ಡಬ್ಬಿ ಇಟ್ಟರು. ಕೊಟ್ಟದ್ದರಲ್ಲಿ ಬೇಜಾರಿಲ್ಲ. ಆದರೆ ಯಾರು ಎಷ್ಟು ಕೊಟ್ಟರು ಅಂತ ಪ್ರಾರ್ಥನೆಯ ಹೊತ್ತಿನಲ್ಲಿ ಹೆಸರು ಸಮೇತ ಓದಿದರು. ಗಿರಣಿ ಮುಚ್ಚಿ ಕೆಲಸ ಕಳೆದುಕೊಂಡ ಅಪ್ಪಂದಿರ ಮಕ್ಕಳೂ ಆ ಸಾಲಿನಲ್ಲಿ ನಿಂತಿದ್ದರು. ಸ್ವಂತ ಇಷ್ಟದ ವಂತಿಗೆ ಅಂದರೆ ಇದೇನಾ? ಧ್ವಜ ದಿನದ ಬಾವುಟದಿಂದ ಹಿಡಿದು ಎಲ್ಲದರಲ್ಲೂ ಇದೊಂದು ಗೋಳು. ಸರ್ಕಾರಕ್ಕೆ ಮನೆಮನೆ ಮುಟ್ಟಲು ಸುಲಭದ ದಾರಿ ಶಾಲೆ, ಮತ್ತು ಮೇಷ್ಟ್ರ ಮುಂದೆ ಇಲ್ಲ ಅನ್ನುವ ಧೈರ್ಯ ಮಗುವಿಗಿರುವುದಿಲ್ಲ.

ಈಗ ಯುದ್ಧದ ಸರಂಜಾಮೇ ಪಕ್ಕದ ಚಿತ್ರದುರ್ಗ ಜಿಲ್ಲೆಗೆ ಬಂದಿದೆ. ಚಳ್ಳಕೆರೆ ಬಳಿಯ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯವಿದೆ, ಡ್ರೋನ್ ಹಾರಿಸುತ್ತಾರೆ. ಈ ಸೀಮೆಯ ಅಮೃತ ಮಹಲ್ ಕಾವಲುಗಳು ಹಿಂದೆ ಮೈಸೂರು ದೊರೆಗಳ ಫಿರಂಗಿ ಎಳೆಯುವ ಎತ್ತುಗಳ ಹುಲ್ಲುಗಾವಲು, ಆಗಲೂ ಯುದ್ಧಕ್ಕೇ. ನಡುವೆ ಸುತ್ತಲಿನ ಹಳ್ಳಿಗಳ ಕುರಿ, ದನ ಅಲ್ಲಿ ಮೇಯುತ್ತಿದ್ದವು. ಬೇಲಿ ಬಿದ್ದಾಗ ಜನ ಜಗಳವಾಡಿದರು, ಹಸಿರು ನ್ಯಾಯಮಂಡಳಿವರೆಗೂ ಹೋದರು. 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಒಂದು ಡ್ರೋನ್ ಬಿತ್ತು, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಇನ್ನೊಂದು. ಎರಡು ಸಲವೂ ಯಾರಿಗೂ ಏನೂ ಆಗಲಿಲ್ಲ. ಆದರೂ ಮಾಕ್ ಡ್ರಿಲ್ ಪಟ್ಟಿ ಮಾಡಿದವರಿಗೆ ಚಿತ್ರದುರ್ಗ ನೆನಪಾಗಲಿಲ್ಲ.