ಗುರುವಿನ ಮೈಕು, ಹತ್ತಡಿ ಕೋಣೆ

ನನ್ನ ಅಣ್ಣನ ಮಗ ಮುಂಬೈ ಪಕ್ಕದ ಡೊಂಬಿವಲಿಯ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ದಾಸರ ಪದಗಳನ್ನು ರೆಕಾರ್ಡ್ ಮಾಡುತ್ತಾನೆ. ಕೊನೆಯ ಲೋಕಲ್ ಗಾಡಿಗಳು ಹೋದ ಮೇಲೆಯೇ ಅವನ ಸ್ಟುಡಿಯೋ ಶುರು. ತಾನು ಮೆಚ್ಚಿದ ಪ್ರೊಡ್ಯೂಸರ್ ಬಳಸುವಂಥದ್ದೇ ಮೈಕು ಬೇಕೆಂದು ವರ್ಷವಿಡೀ ದುಡ್ಡು ಕೂಡಿಟ್ಟು ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಿಂದ ತಂದ. ವಾರದೊಳಗೆ ಫೋನು: “ಕಾಕಾ, ಮೈಕೇನೋ ಬಂತು. ಆದ್ರ ದನಿ ಯಾಕೋ ಗುಂಯ್ ಅನ್ನಲಿಕ್ಕತ್ತದ.”

ಅವನ ಆರಾಧ್ಯದೈವ ಅಮೆರಿಕದ ಸಂಗೀತ ಪ್ರೊಡ್ಯೂಸರ್ ಫಿನಿಯಸ್ ಓಕಾನಲ್. ಗಾಯಕಿಯಾದ ತಂಗಿ ಬಿಲ್ಲಿ ಐಲಿಶ್‌ಳ 2019ರ ಆಲ್ಬಮ್ಮನ್ನು ಲಾಸ್ ಏಂಜಲೀಸ್‌ನ ತಂದೆತಾಯಿಯ ಮನೆಯಲ್ಲಿ, ಮಲಗುವ ಕೋಣೆಯಲ್ಲೇ ಕಟ್ಟಿ, ಮರುವರ್ಷ ವರ್ಷದ ಪ್ರೊಡ್ಯೂಸರ್ ಎಂಬ ಗ್ರ್ಯಾಮಿ ಪಡೆದವನು. ನಮ್ಮ ತಲೆಮಾರಿಗೆ ಆ ಧೈರ್ಯ ಕೊಟ್ಟವರು ಚೆನ್ನೈನ ಮನೆಗಂಟಿದ ಸ್ಟುಡಿಯೋದಿಂದ 1992ರಲ್ಲಿ ಹೊರಬಂದ ಎ. ಆರ್. ರೆಹಮಾನ್. ಬಾಂದ್ರಾದ ಮೆಹಬೂಬ್ ಸ್ಟುಡಿಯೋದಂಥ ಹಾಲಿನಲ್ಲಿ ಡಜನ್‌ಗಟ್ಟಲೆ ವಾದ್ಯಗಾರರು ಒಟ್ಟಿಗೆ ನುಡಿಸುತ್ತಿದ್ದ ಈ ಮುಂಬೈಯಲ್ಲಿ, ಮನೆಯಲ್ಲೂ ಸಂಗೀತ ಮಾಡಬಹುದು ಎಂಬ ನಂಬಿಕೆ ಸಣ್ಣದಲ್ಲ. ಅದಕ್ಕೆ ನಾನಂತೂ ಋಣಿ.

ಆದರೆ ಧೈರ್ಯದ ಜೊತೆಗೆ ಸಾಮಾನಿನ ಪಟ್ಟಿಯೂ ಬರುತ್ತದೆ. ಯಾಕೆ? 2005ರಲ್ಲಿ ಸಂಶೋಧಕರಾದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಒಂದು ಪ್ರಯೋಗ ಪ್ರಕಟಿಸಿದರು. ಚಿಂಪಾಂಜಿಗಳಿಗೂ ಮಕ್ಕಳಿಗೂ ತಿಂಡಿಯಿರುವ ಪೆಟ್ಟಿಗೆಯನ್ನು ಕೆಲವು ಅನಾವಶ್ಯಕ ಹೆಜ್ಜೆಗಳೂ ಸೇರಿದಂತೆ ತೆರೆದು ತೋರಿಸಿದರು. ಒಳಗಿನದೆಲ್ಲ ಕಾಣುವ ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ ಚಿಂಪಾಂಜಿಗಳು ಬೇಡದ ಹೆಜ್ಜೆ ಬಿಟ್ಟು ನೇರ ತಿಂಡಿಗೆ ಕೈಹಾಕಿದವು. ಮೂರು-ನಾಲ್ಕು ವರ್ಷದ ಮಕ್ಕಳು ಮಾತ್ರ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದರು. ನನಗೆ ಇದು ಮಕ್ಕಳ ದಡ್ಡತನವಾಗಿ ಕಾಣುವುದಿಲ್ಲ. ಕಾರಣ ತಿಳಿಯುವ ಮೊದಲೇ ಕೈಯಿಂದ ಕಲಿಯುವ ಈ ಗುಣದಿಂದಲೇ ರೊಟ್ಟಿ ಬಡಿಯುವುದೂ ತಬಲಾದ ಬೋಲೂ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿವೆ.

ದೊಡ್ಡ ಸ್ಟುಡಿಯೋದವರೂ ಇದಕ್ಕೆ ಹೊರತಲ್ಲ. ಯಮಾಹಾದ ಎನ್‌ಎಸ್-10 ಎಂಬ ಸ್ಪೀಕರ್ 1978ರಲ್ಲಿ ಮನೆಬಳಕೆಗೆಂದು ಬಂದದ್ದು. ಹೆಸರಾಂತ ಎಂಜಿನಿಯರುಗಳು ಅದನ್ನು ಸ್ಟುಡಿಯೋಗೆ ತಂದರು, ಕೀರಲು ದನಿ ತಗ್ಗಿಸಲು ತಾರ ದನಿ ಹೊರಡಿಸುವ ಅದರ ಚಿಕ್ಕ ಭಾಗವಾದ ಟ್ವೀಟರಿನ ಮೇಲೆ ಟಿಶ್ಯೂ ಕಾಗದ ಅಂಟಿಸಿದರು. ಆಮೇಲೆ ನೋಡಿ ನಕಲು ಮಾಡಿದವರಲ್ಲಿ ಯಾವ ಕಾಗದ, ಎಷ್ಟು ದಪ್ಪ ಎಂಬುದೇ ಚರ್ಚೆಯಾಯಿತು.

ನಮ್ಮ ಹುಡುಗನ ಕೋಣೆಗೆ ಬರೋಣ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ್ದ. ತೆಳ್ಳನೆಯ ಆ ರಟ್ಟು ಗಾಡಿಯ ಸದ್ದನ್ನೂ ತಡೆಯದು, ಗುಂಯ್‌ಕಾರವನ್ನೂ ಹೀರದು. ಅಜ್ಜಿ ಹೊಲಿದ ಕೌದಿ ಎಷ್ಟೋ ಮೇಲು. ತಾರ ದನಿಗಳ ಪ್ರತಿಧ್ವನಿಯನ್ನು ಚೆನ್ನಾಗಿಯೇ ನುಂಗುತ್ತದೆ. ಕೆಳದನಿಗೆ ಮಾತ್ರ ಅದೂ ಸಾಲದು, ಆ ಅಲೆಗಳು ಮೀಟರುಗಟ್ಟಲೆ ಉದ್ದ. 30 ಡಿಗ್ರಿ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರು. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ 57 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 57 ಕಂಪನ) ಒಂದು, ಅದರ ಇಮ್ಮಡಿ 114ರಲ್ಲಿ ಇನ್ನೊಂದು ಸ್ಥಿರ ಅಲೆ, ಅಂದರೆ ಗೋಡೆಯಿಂದ ಗೋಡೆಗೆ ಪುಟಿದು ಒಂದೇ ಜಾಗದಲ್ಲಿ ನಿಂತಂತೆ ಉಬ್ಬುವ ಅಲೆ, ಏಳುತ್ತದೆ. ಉದ್ದ, ಅಗಲ ಒಂದೇ ಆದ್ದರಿಂದ ಎರಡು ದಿಕ್ಕಿನ ಅಲೆಗಳೂ ಒಂದೇ ಸ್ವರದ ಮೇಲೆ ಬಂದು ಕೂರುತ್ತವೆ. ಒಂಬತ್ತೂವರೆ ಅಡಿಯ ಎತ್ತರದಿಂದ ಏಳುವ ಅಲೆಯೂ ಆ ಸ್ವರದಿಂದ ಹೆಚ್ಚು ದೂರವಿಲ್ಲ. ಹುಡುಗ ಹಾಡುವುದು ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕರಿ ಮನೆಯೇ ಅವನ ಷಡ್ಜ. ಅದರ ಮಂದ್ರ (ಕೆಳಗಿನ ಸಪ್ತಕದ) ಶುದ್ಧ ಧೈವತ ಸುಮಾರು 115 ಹರ್ಟ್ಸ್! ಉಬ್ಬುತ್ತಿದ್ದುದು ಅದೊಂದೇ ಸ್ವರ. ಮೈಕು ಕೋಣೆಯ ನಟ್ಟನಡುವೆ ಇತ್ತು, ಈ ಅಲೆಯ ಒತ್ತಡ ಅತಿ ಹೆಚ್ಚಿರುವ ಜಾಗಗಳಲ್ಲಿ ಅದೂ ಒಂದು.

ಫಿನಿಯಸ್‌ಗೆ ಈ ತೊಂದರೆ ಕಾಡದಿರಲು ಮೈಕಿಗಿಂತ ತಂಗಿಯ ಪಿಸುದನಿ ದೊಡ್ಡ ಕಾರಣ ಎಂದು ನನ್ನ ಎಣಿಕೆ. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಪ್ರತಿಧ್ವನಿ ಇದ್ದಷ್ಟೇ ಇರುತ್ತದೆ. ಹೀಗೆ ಕೋಣೆ ಹಿಂದೆ ಸರಿಯುತ್ತದೆ. ಎದೆತುಂಬಿ ಹಾಡುವ ದಾಸರ ಪದಕ್ಕೆ ಅಷ್ಟು ಹತ್ತಿರ ಹೋಗಲಾಗದು. ನಮ್ಮ ಭಕಾರ, ಧಕಾರಗಳ ಉಸಿರು ಮೈಕಿನ ಪರದೆಗೆ ಗುದ್ದುತ್ತದೆ.

ಮೈಕನ್ನು ಒಂದು ಮೂಲೆಯ ಎರಡೂ ಗೋಡೆಗಳಿಂದ ಎರಡೂವರೆ ಅಡಿಗೆ ಸರಿಸು ಎಂದೆ. ಗೋಡೆಯಿಂದ ಕೋಣೆಯ ಕಾಲು ಭಾಗದಷ್ಟು ದೂರದಲ್ಲಿ 114ರ ಅಲೆಯ ಒತ್ತಡ ಸೊನ್ನೆ. ನೆಲದಿಂದ ಮೇಲಕ್ಕೂ ಅದೇ ಲೆಕ್ಕ. ಚಕ್ಕಳಮಕ್ಕಳ ಹಾಕಿ ಕೂತರೆ ಬಾಯಿ ಹೆಚ್ಚುಕಡಿಮೆ ಆ ಎತ್ತರಕ್ಕೇ ಬರುತ್ತದೆ.

ಮೂಲೆಯ ಬಳಿ ಚಾಪೆ ಹಾಸಿ, ಬೆನ್ನ ಹಿಂದೆ ಕೌದಿ ಇಳಿಬಿಟ್ಟು, ನಿಂತು ಹಾಡುತ್ತಿದ್ದವನು ಕೂತು ಹಾಡಿದ. ಬೆಳಗಿನ ಜಾವ ಮೆಸೇಜು ಬಂತು: “ಕಾಕಾ, ಧೈವತ ಈಗ ಉಳಿದ ಸ್ವರದ ಸಾಲಿನ್ಯಾಗ ಕೂತದ.”