ಪದ ಪರಿಚಯ: ಮಾಡೆಲ್ ರೈಲಿನ ಸ್ಕೇಲ್ ಮತ್ತು ಗೇಜ್

ಮಾಡೆಲ್ ರೈಲಿನ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಯಾವ ಕ್ಯಾಟಲಾಗ್ ತೆರೆದರೂ, ಯಾವ ಕೈಪಿಡಿ ಓದಿದರೂ, ಹಳಿ ಜೋಡಿಸುವ ಯಾವ ವಿಡಿಯೊ ನೋಡಿದರೂ 'ಸ್ಕೇಲ್', 'ಗೇಜ್' ಎಂಬ ಎರಡು ಪದಗಳು ಎದುರಾಗುತ್ತವೆ. ವರ್ಷಗಟ್ಟಲೆ ಹವ್ಯಾಸದಲ್ಲಿ ಇರುವವರೂ ಮಾತಿನ ಭರದಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಿಬಿಡುತ್ತಾರೆ. ಅವರಿಗೆ ಅದು ನಡೆಯುತ್ತದೆ, ಹೊಸಬರಿಗೆ ನಡೆಯುವುದಿಲ್ಲ. ವೈರಿಂಗ್, ಬಣ್ಣ, ಗುಡ್ಡ ಕಟ್ಟುವ ಕೆಲಸ ಎಲ್ಲವನ್ನೂ ನಿಧಾನವಾಗಿ ಕಲಿಯಬಹುದು. ಈ ಎರಡು ಪದಗಳನ್ನು ಮಾತ್ರ ಮೊದಲ ರೈಲು ಸೆಟ್ ಕೊಳ್ಳುವ ಮುಂಚೆಯೇ ಬೇರ್ಪಡಿಸಿ ತಿಳಿದಿರಬೇಕು.

ಸ್ಕೇಲ್ ಎಂದರೆ ಅನುಪಾತ: ನಿಜವಾದ ರೈಲಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಎಂಬ ಲೆಕ್ಕ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಸ್ಕೇಲ್ 1:87. ಸುಮಾರು 26 ಮೀಟರ್ ಉದ್ದದ ಪ್ರಯಾಣಿಕರ ಬೋಗಿ ಇದರಲ್ಲಿ 30 ಸೆಂ.ಮೀ. ಆಗುತ್ತದೆ. ಅದೇ ಬೋಗಿ 1:160ರ ಎನ್ ಸ್ಕೇಲ್‌ನಲ್ಲಿ 16 ಸೆಂ.ಮೀ., 1:220ರ ಝಡ್ ಸ್ಕೇಲ್‌ನಲ್ಲಿ 12 ಸೆಂ.ಮೀ.

ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ. ನಿಜವಾದ ರೈಲುಗಳಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 16.5 ಮಿ.ಮೀ., 160ರಿಂದ ಭಾಗಿಸಿದರೆ 9 ಮಿ.ಮೀ. ಬರುತ್ತದೆ. ಎಚ್‌ಒ ಮತ್ತು ಎನ್ ಹಳಿಗಳ ಅಗಲ ಇವೇ. ಇಲ್ಲಿಯವರೆಗೆ ಎರಡೂ ಪದಗಳು ಜೊತೆಜೊತೆಯಾಗಿಯೇ ನಡೆಯುವಂತೆ ಕಾಣುತ್ತವೆ. ಗೊಂದಲ ಹುಟ್ಟುವುದೂ ಇಲ್ಲಿಂದಲೇ.

ಆ 9 ಮಿ.ಮೀ. ಹಳಿಯನ್ನೇ ಮುಂದಿಟ್ಟುಕೊಳ್ಳಿ. ಅದರ ಮೇಲೆ 1:160ರ ಎಂಜಿನ್ ಇಟ್ಟರೆ ಅದು ಸ್ಟ್ಯಾಂಡರ್ಡ್ ಗೇಜ್ ರೈಲು. ಈಗ ಎಂಜಿನ್ ತೆಗೆದು, ಅದೇ ಹಳಿಯ ಮೇಲೆ 1:87ರಲ್ಲಿ ಮಾಡಿದ ಪುಟ್ಟ ಬೆಟ್ಟದ ರೈಲನ್ನು ಇಡಿ. 9ನ್ನು 87ರಿಂದ ಗುಣಿಸಿದರೆ 783 ಮಿ.ಮೀ., ಅಂದರೆ ಹಳಿ ಈಗ ಸುಮಾರು ಎರಡೂವರೆ ಅಡಿಯ ನ್ಯಾರೋ ಗೇಜ್. ಹಳಿ ಒಂದಿಷ್ಟೂ ಬದಲಾಗಿಲ್ಲ, ಸ್ಕೇಲ್ ಬದಲಾಗಿದೆ ಅಷ್ಟೆ. ತೋಟದಲ್ಲಿ ಓಡಿಸುವ ದೊಡ್ಡ ರೈಲುಗಳ 45 ಮಿ.ಮೀ. ಹಳಿಯ ಕಥೆಯೂ ಇದೇ: 1:32ರ ಎಂಜಿನ್‌ಗೆ ಅದು ಸ್ಟ್ಯಾಂಡರ್ಡ್ ಗೇಜ್, 1:22.5ರದ್ದಕ್ಕೆ ಮೀಟರ್ ಗೇಜ್, 1:20.3ರದ್ದಕ್ಕೆ ಮೂರಡಿ ಗೇಜ್. ಹಾಗಾಗಿ ಹಳಿಗೆ ಗಾಲಿ ಹೊಂದಿತು ಎಂದ ಮಾತ್ರಕ್ಕೆ ಪಕ್ಕದ ನಿಲ್ದಾಣದ ಕಟ್ಟಡ, ಪ್ಲಾಟ್‌ಫಾರ್ಮಿನ ಮನುಷ್ಯರು ಹೊಂದುತ್ತಾರೆ ಎನ್ನುವಂತಿಲ್ಲ.

ಬ್ರಿಟನ್ನಿನ ಒಒ ಸ್ಕೇಲ್ ಇನ್ನೂ ಸ್ವಾರಸ್ಯಕರ. ಅಲ್ಲಿನ ನಿಜವಾದ ಎಂಜಿನ್‌ಗಳೇ ಯುರೋಪಿನ ಇತರ ದೇಶಗಳವಕ್ಕಿಂತ ಗಾತ್ರದಲ್ಲಿ ಚಿಕ್ಕವು. 1:87ಕ್ಕೆ ಇಳಿಸಿದರೆ ಈ ಸ್ಕೇಲ್ ಹುಟ್ಟಿದ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ತಯಾರಕರು ಎಂಜಿನ್ನಿನ ಮೈಯನ್ನು 1:76ಕ್ಕೆ ಹಿಗ್ಗಿಸಿ, ಹಳಿಯನ್ನು 16.5 ಮಿ.ಮೀ. ಆಗಿಯೇ ಉಳಿಸಿಕೊಂಡರು. ಲೆಕ್ಕದ ಪ್ರಕಾರ ಹಳಿ ಸುಮಾರು 19 ಮಿ.ಮೀ. ಇರಬೇಕಿತ್ತು. ಒಒ ಎಂಜಿನ್ನನ್ನು ಎದುರಿನಿಂದ ನೋಡಿದರೆ ಗಾಲಿಗಳು ಮೈಯಡಿ ಒತ್ತೊತ್ತಾಗಿ ಕೂತಂತೆ ಕಾಣುವುದು ಇದರಿಂದಲೇ.

ಇಷ್ಟು ತಿಳಿದ ಮೇಲೆ ಟ್ರ್ಯಾಕ್ ಪ್ಲಾನ್‌ಗಳು, ಅಂದರೆ ಹಳಿ ಜೋಡಣೆಯ ನಕ್ಷೆಗಳು, ಅರ್ಥವಾಗತೊಡಗುತ್ತವೆ. ಹೊಸಬರಿಗೆ ನನ್ನ ಪ್ರಕಾರ ಇವಕ್ಕಿಂತ ಒಳ್ಳೆಯ ಕಲಿಕೆಯ ಸಾಮಗ್ರಿ ಇಲ್ಲ. ಎನ್ ಸ್ಕೇಲ್‌ಗೆ ಬರೆದ ನಕ್ಷೆಯನ್ನು ಎಚ್‌ಒಗೆ ಬದಲಿಸಲು ಉದ್ದ, ಅಗಲ, ತಿರುವಿನ ತ್ರಿಜ್ಯ ಎಲ್ಲವನ್ನೂ ಸುಮಾರು 1.84ರಿಂದ ಗುಣಿಸಬೇಕು. ಆದರೆ ನಮ್ಮ ತೋಳು ಸ್ಕೇಲ್ ಪ್ರಕಾರ ಬೆಳೆಯುವುದಿಲ್ಲ! ಎನ್‌ನಲ್ಲಿ 60 ಸೆಂ.ಮೀ. ಅಗಲವಿದ್ದ ಮೇಜು ಎಚ್‌ಒನಲ್ಲಿ 110 ಸೆಂ.ಮೀ. ಆಗುತ್ತದೆ. ಗೋಡೆಯ ಪಕ್ಕ ಹಳಿ ತಪ್ಪಿದ ಬೋಗಿಯನ್ನು ಎತ್ತಲು ಕೈ ಎಟುಕುವುದೇ ಇಲ್ಲ.

ತಿರುವಿನ ವಿಷಯವೂ ಹಾಗೆಯೇ. ಎಚ್‌ಒ ಸ್ಟಾರ್ಟರ್ ಸೆಟ್‌ಗಳಲ್ಲಿ 18 ಇಂಚು, ಅಂದರೆ 457 ಮಿ.ಮೀ. ತ್ರಿಜ್ಯದ ಹಳಿ ಸಾಮಾನ್ಯ. ಬೋಗಿಯ ಉದ್ದದ ಎರಡೂವರೆ ಪಟ್ಟಾದರೂ ತ್ರಿಜ್ಯ ಇರಲಿ ಎಂಬುದು ಹಳಿಗಳ ವಿನ್ಯಾಸ ರೂಪಿಸುವವರ ರೂಢಿಯ ಲೆಕ್ಕ. ಮೇಲೆ ಹೇಳಿದ 30 ಸೆಂ.ಮೀ. ಬೋಗಿಗೆ ಅದು 75 ಸೆಂ.ಮೀ. ಆಗುತ್ತದೆ. ಚಿಕ್ಕ ಸರಕು ವ್ಯಾಗನ್‌ಗಳು ಸೆಟ್ಟಿನ ಹಳಿಯಲ್ಲಿ ಸಲೀಸಾಗಿ ಓಡುತ್ತವೆ, ಉದ್ದದ ಬೋಗಿಗಳು ತಕರಾರು ತೆಗೆಯುತ್ತವೆ.

ಅಳತೆಗಳ ಮೂಲ ಬೇಕೆಂದರೆ ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್‌ನ ಮಾನದಂಡಗಳಿವೆ, ಯುರೋಪಿನಲ್ಲಿ ಎನ್‌ಇಎಂ ಹೆಸರಿನ ಮಾನದಂಡಗಳಿವೆ. ಎರಡೂ ಅಂತರ್ಜಾಲದಲ್ಲಿ ಉಚಿತ. ಓದಲು ಒಣ ಎನಿಸಿದರೆ ಆ ಅಮೆರಿಕನ್ ಸಂಸ್ಥೆ ರೂಪಿಸಿದ ಲೋಹದ ಅಳತೆಪಟ್ಟಿಯೊಂದನ್ನು ಕೈಗೆತ್ತಿಕೊಳ್ಳಿ. ಅಂಗೈಯಲ್ಲಿ ಹಿಡಿಸುವ ತೆಳು ತಗಡು. ಪ್ರತಿ ಸ್ಕೇಲ್‌ಗೂ ಬೇರೆ ಬೇರೆ ಇರುತ್ತದೆ. ಅದರ ಒಂದು ಅಂಚಿನ ಮೊನೆಗಳು ಎರಡು ಹಳಿಗಳ ನಡುವೆ ಸರಿಯಾಗಿ ಕೂತರೆ ಗೇಜ್ ಸರಿಯಿದೆ. ಇನ್ನೊಂದು ಕಡೆಯ ಕಚ್ಚುಗಳಲ್ಲಿ ಗಾಲಿಜೋಡಿಯ ಅಂಚುಗಳು ಇಳಿಯಬೇಕು. ಇಳಿಯದಿದ್ದರೆ ಗಾಲಿಗಳ ನಡುವಿನ ಅಂತರ ಹೆಚ್ಚುಕಮ್ಮಿಯಾಗಿದೆ. ತಗಡಿನ ಹೊರ ಆಕಾರ ಸುರಂಗದೊಳಗೆ ರೈಲಿಗೆ ಬೇಕಾದ ಜಾಗವನ್ನು ತೋರಿಸುತ್ತದೆ. ಬೋಗಿಯೊಂದು ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಬಳಿ ಪದೇಪದೇ ಹಳಿ ತಪ್ಪುತ್ತಿದ್ದರೆ ಹಳಿ ಕೀಳುವ ಮುನ್ನ ಅದರ ಗಾಲಿಗಳನ್ನು ಈ ಕಚ್ಚಿನಲ್ಲಿಟ್ಟು ನೋಡಿ. ಎಷ್ಟೋ ಸಲ ದೋಷ ಇರುವುದು ಗಾಲಿಗಳಲ್ಲೇ.